ಡಂಬಳದ ನಕ್ಷತ್ರ ಮತ್ತು ಗ್ರಾಸ್‌ಹಾಪರ್

ಧಾರವಾಡದಲ್ಲಿ ಮನೆಗಳ ವಿನ್ಯಾಸ ಮಾಡುವ ನಾನು ಗ್ರಾಸ್‌ಹಾಪರ್ ತಂತ್ರಾಂಶವನ್ನು ಪರೀಕ್ಷಿಸಲು ಆರಿಸಿಕೊಂಡದ್ದು ಗದಗ ಜಿಲ್ಲೆಯ ಡಂಬಳದಲ್ಲಿರುವ ದೊಡ್ಡಬಸಪ್ಪ ಗುಡಿಯ ತಳವಿನ್ಯಾಸವನ್ನು. 12ನೆಯ ಶತಮಾನದ ಆ ಕಲ್ಯಾಣ ಚಾಲುಕ್ಯ ಗುಡಿಯ ವಿಮಾನಕ್ಕೆ, ಅಂದರೆ ಗರ್ಭಗುಡಿ ಮತ್ತು ಅದರ ಮೇಲಿನ ಶಿಖರಕ್ಕೆ, 24 ಮೂಲೆಗಳ ನಕ್ಷತ್ರಾಕಾರವಿದೆ. ಒಂದೇ ಚೌಕವನ್ನು ಅದರ ಕೇಂದ್ರದ ಸುತ್ತ 15 ಡಿಗ್ರಿಯಂತೆ ತಿರುಗಿಸಿ ಆರು ಚೌಕಗಳನ್ನು ಒಂದರ ಮೇಲೊಂದು ಇಟ್ಟರೆ ಆ ಆಕಾರ ತಾನಾಗಿ ಮೂಡುತ್ತದೆ.

2007ರಲ್ಲಿ ಮೊದಲು ಬಳಕೆಗೆ ಬಂದು, ರೈನೋ ಎಂಬ ಮೂರು ಆಯಾಮದ ವಿನ್ಯಾಸ ತಂತ್ರಾಂಶದ 6ನೆಯ ಆವೃತ್ತಿಯಿಂದ ಅದರೊಳಗೇ ಸೇರಿರುವ ಗ್ರಾಸ್‌ಹಾಪರ್‌ನಲ್ಲಿ ನಾವು ಗೆರೆಯನ್ನು ಎಳೆಯುವುದಿಲ್ಲ, ಗೆರೆ ಹುಟ್ಟುವ ನಿಯಮವನ್ನು ಬರೆಯುತ್ತೇವೆ. ಚೌಕ, ಕೋನ, ಸಂಖ್ಯೆ ಎಂಬ ಪುಟ್ಟ ಪೆಟ್ಟಿಗೆಗಳನ್ನು ತಂತಿಗಳಿಂದ ಜೋಡಿಸಿ, ಕೋನವು ಚೌಕಗಳ ಸಂಖ್ಯೆಯನ್ನೇ ಅವಲಂಬಿಸುವಂತೆ ಮಾಡಿದ ಮೇಲೆ, ಆ ಸಂಖ್ಯೆಯನ್ನು ಆರರಿಂದ ಎಂಟಕ್ಕೆ ಸರಿಸಿದೊಡನೆ 24 ಮೂಲೆಗಳು 32 ಆದದ್ದನ್ನು ಕಂಡು ನಾನು ಬಹಳ ಹೊತ್ತು ಪರದೆಯ ಮುಂದೆಯೇ ಕುಳಿತಿದ್ದೆ. ನಿಯಮವು ಕಲ್ಪನೆಯನ್ನು ಕಟ್ಟಿಹಾಕುತ್ತದೆ ಎಂಬ ನನ್ನ ಹಳೆಯ ನಂಬಿಕೆ ಅಲ್ಲಿ ಸಡಿಲವಾಯಿತು.

ಆದರೆ ಎಷ್ಟು ಮೂಲೆಗಳು ಸಾಕು, ಬಾಗಿಲು ಯಾವ ಮೂಲೆಯನ್ನು ನುಂಗಬೇಕು, ಬಳಪದ ಕಲ್ಲಿನ ಅಂಚು ಎಷ್ಟು ಚೂಪನ್ನು ತಾಳೀತು ಎಂಬುದು ಈ ನಿಯಮದೊಳಗೆ ಇಲ್ಲ. ಅದನ್ನು ತೀರ್ಮಾನಿಸುವುದು ಕಣ್ಣು ಮತ್ತು ಕೈ. ಆದ್ದರಿಂದ ಹುಬ್ಬಳ್ಳಿಯ ವಾಸ್ತುಶಿಲ್ಪ ವಿದ್ಯಾರ್ಥಿಗಳಿಗೆ ನಾನು ಈ ತಂತ್ರಾಂಶವನ್ನು ಮನಃಪೂರ್ವಕವಾಗಿ ಶಿಫಾರಸು ಮಾಡುತ್ತೇನೆ, ಆದರೆ ಮೊದಲು ಡಂಬಳಕ್ಕೆ ಹೋಗಿ, ಗುಡಿಯನ್ನು ಸುತ್ತಿ, ಕಾಗದದ ಮೇಲೆ ಆ ಆರು ಚೌಕಗಳನ್ನು ಕೈಯಾರೆ ಬರೆದು ಬರಲಿ.