ನಾಡನಾಯಿ, ಮುಧೋಳ, ಲ್ಯಾಬ್ರಡಾರ್: ಮೂರನ್ನೂ ಸಾಕಿ ನೋಡಿದ ಮೇಲೆ

ನಾಯಿ ಸಾಕಬೇಕೆಂದಿರುವವರು ಮೊದಲು ಕೇಳುವುದು ‘ಯಾವ ಜಾತಿ ಒಳ್ಳೆಯದು?’ ಎಂದು. ನಾನು ಅವರನ್ನು ಕೇಳುವುದು ಬೇರೆಯೇ ಪ್ರಶ್ನೆ: ಯಾವ ಕಾಟವನ್ನು ನೀವು ದಿನವೂ ಬೇಸರವಿಲ್ಲದೆ ಸಹಿಸಬಲ್ಲಿರಿ? ಅಂಗಳ ಅಗೆಯುವುದನ್ನೋ, ಅಡುಗೆಮನೆಗೆ ನುಗ್ಗುವುದನ್ನೋ, ಗೇಟು ತೆರೆದೊಡನೆ ಕಣ್ಮರೆಯಾಗುವುದನ್ನೋ? ನಾಯಿಯ ಅಂದಚಂದ ಕೆಲವೇ ದಿನಗಳಲ್ಲಿ ಕಣ್ಣಿಗೆ ರೂಢಿಯಾಗಿಬಿಡುತ್ತದೆ. ಅದರ ಅಭ್ಯಾಸಗಳು ಮಾತ್ರ ಹತ್ತು ಹನ್ನೆರಡು ವರ್ಷ ನಮ್ಮ ಜೊತೆಗೇ ಇರುತ್ತವೆ.

ಧಾರವಾಡದ ನಮ್ಮ ಮನೆಯಲ್ಲಿ ಮೂರು ನಾಯಿಗಳಿವೆ. ಕರಿಯ ನಮ್ಮ ಓಣಿಯಲ್ಲೇ ಹುಟ್ಟಿದ ನಾಡನಾಯಿ. ರಾಣಿ ಬಾಗಲಕೋಟೆ ಕಡೆಯ ರೈತರ ಮನೆಯಿಂದ ಬಂದ ಮುಧೋಳ ತಳಿಯ ಹೆಣ್ಣು. ಬ್ರೂನೋ ಹಳದಿ ಬಣ್ಣದ ಲ್ಯಾಬ್ರಡಾರ್. ಊರು ಬಿಟ್ಟುಹೋದ ಸಂಬಂಧಿಕರು ನಮಗೆ ಒಪ್ಪಿಸಿ ಹೋದವನು. ಮೂವರೂ ಒಂದೇ ಸೂರಿನಡಿ, ಒಂದೇ ಕೈಯಿಂದ ಉಂಡು ಬೆಳೆಯುತ್ತಿರುವುದರಿಂದ ಯಾವುದು ಸಾಕಿದವರು ಕಲಿಸಿದ್ದು, ಯಾವುದು ರಕ್ತದಲ್ಲೇ ಬಂದದ್ದು ಎಂಬುದು ಸ್ಪಷ್ಟವಾಗಿ ಕಾಣಿಸುತ್ತದೆ.

ಈ ವ್ಯತ್ಯಾಸ ನೋಡಬೇಕೆಂದರೆ ಒಂದು ತುಂಡು ಜೋಳದ ರೊಟ್ಟಿ ಸಾಕು. ಹುಲ್ಲಿನ ಮೇಲೆ ರೊಟ್ಟಿಯ ಚೂರನ್ನು ಎಸೆದರೆ, ಅದು ಗಾಳಿಯಲ್ಲಿರುವಾಗಲೇ ರಾಣಿಯ ಕಣ್ಣು ಅದರ ಮೇಲಿರುತ್ತದೆ, ನೆಲಕ್ಕೆ ಬೀಳುವ ಮೊದಲೇ ಅವಳು ಅಲ್ಲಿರುತ್ತಾಳೆ. ಅದೇ ಚೂರನ್ನು ಅವಳು ಕಾಣದಂತೆ ಮೊದಲೇ ಹುಲ್ಲಿನಲ್ಲಿಟ್ಟರೆ, ಎಷ್ಟೋ ಸಲ ಅದರ ಪಕ್ಕದಲ್ಲೇ ನಡೆದುಹೋಗುತ್ತಾಳೆ. ಮುಧೋಳ ಕಣ್ಣಿನಿಂದ ಬೇಟೆಯಾಡುವ ತಳಿ. ಚಲಿಸುವುದೆಲ್ಲ ಅವಳಿಗೆ ಮೊಲ, ಅಲುಗಾಡದೆ ಬಿದ್ದದ್ದು ಬರೀ ನೆಲ. ಬ್ರೂನೋ ಇದಕ್ಕೆ ಪೂರ್ತಿ ವಿರುದ್ಧ. ಎಸೆದ ಚೂರು ಯಾವ ಕಡೆ ಹೋಯಿತೆಂದು ಅವನು ನೋಡದಿದ್ದರೂ ಮೂಗನ್ನು ನೆಲಕ್ಕೆ ಹಚ್ಚಿ, ಹಾವಿನಂತೆ ಅತ್ತಿತ್ತ ಹೊರಳುತ್ತಾ ಹೋಗಿ, ಸಿಗುವವರೆಗೆ ತಲೆ ಎತ್ತುವುದಿಲ್ಲ. ಕರಿಯ ಓಡುವುದೂ ಇಲ್ಲ, ಮೂಸುವುದೂ ಇಲ್ಲ. ರೊಟ್ಟಿ ಹಿಡಿದ ನನ್ನ ಕೈಯನ್ನೇ ನೋಡುತ್ತಾ ಕೂರುತ್ತಾನೆ. ರೊಟ್ಟಿ ಹುಲ್ಲಿನಿಂದ ಬರುವುದಿಲ್ಲ, ಮನುಷ್ಯರ ಕೈಯಿಂದ ಬರುತ್ತದೆ ಎಂಬುದು ಅವನ ಪೂರ್ವಿಕರು ಸಾವಿರಾರು ವರ್ಷ ಮನುಷ್ಯರ ಮನೆಬಾಗಿಲಲ್ಲಿ ಬದುಕಿ ಕಲಿತ ವಿದ್ಯೆ. ನಾನು ಯಾರ ಮೇಲೆ ಸಿಟ್ಟಾಗಿದ್ದೇನೆ, ಯಾವಾಗ ಹೊರಗೆ ಹೊರಡುತ್ತೇನೆ ಎಂಬುದನ್ನು ಮೂವರಲ್ಲಿ ಮೊದಲು ತಿಳಿಯುವವನೂ ಅವನೇ.

ಊಟದ ವಿಷಯಕ್ಕೆ ಬಂದರೆ ಬ್ರೂನೋನನ್ನು ಸಾಕುವುದೇ ಅತ್ಯಂತ ಕಷ್ಟ. ತಟ್ಟೆ ಖಾಲಿಯಾದ ಮೇಲೂ ನೆಕ್ಕುತ್ತಲೇ ಇರುತ್ತಾನೆ; ಉಳಿದಿಬ್ಬರ ತಟ್ಟೆಯನ್ನೂ ಪರೀಕ್ಷಿಸಿ ಬರುತ್ತಾನೆ; ಕುಕ್ಕರಿನ ಸೀಟಿ ಕೇಳಿದರೆ ಎಲ್ಲಿದ್ದರೂ ಅಡುಗೆಮನೆಯ ಹೊಸ್ತಿಲಲ್ಲಿ ಹಾಜರು. ಜನ ಇದನ್ನು ಆಸೆಬುರುಕತನ ಎನ್ನುತ್ತಾರೆ. ಕೇಂಬ್ರಿಜ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆ ಮಾತು ಹೇಳುತ್ತದೆ: ಸುಮಾರು ನಾಲ್ಕರಲ್ಲಿ ಒಂದು ಲ್ಯಾಬ್ರಡಾರ್‌ನಲ್ಲಿ ಹಸಿವಿಗೆ ಸಂಬಂಧಿಸಿದ ಒಂದು ಜೀನಿನ ತುಣುಕು ಇರುವುದೇ ಇಲ್ಲ. ಅಂಥ ನಾಯಿಗಳು ಆಹಾರದ ಹಿಂದೆ ಹೆಚ್ಚು ಬೀಳುತ್ತವೆ, ಅವುಗಳ ತೂಕವೂ ಹೆಚ್ಚು. ಬ್ರೂನೋ ಆ ಗುಂಪಿಗೆ ಸೇರಿದವನೋ ಏನೋ, ಅವನ ಕಣ್ಣಿನ ಬೇಡಿಕೆಯನ್ನು ನಂಬಿ ಬಡಿಸಬಾರದು ಎಂಬುದಂತೂ ನಿಜ. ಅಮೆರಿಕದಲ್ಲಿ 48 ಲ್ಯಾಬ್ರಡಾರ್‌ಗಳನ್ನು ಅವುಗಳ ಜೀವನವಿಡೀ ಗಮನಿಸಿದ ಅಧ್ಯಯನವೊಂದು 2002ರಲ್ಲಿ ಪ್ರಕಟವಾಯಿತು. ಜೊತೆಯ ನಾಯಿಗಳಿಗಿಂತ ಶೇ. 25ರಷ್ಟು ಕಡಿಮೆ ಉಂಡವು ಸುಮಾರು ಎರಡು ವರ್ಷ ಹೆಚ್ಚು ಬದುಕಿದ್ದವು. ನಮ್ಮ ಅವ್ವನಿಗೆ ಇದನ್ನು ಹೇಳಿದ ಮೇಲೆಯೇ ಬ್ರೂನೋಗೆ ಸಿಗುತ್ತಿದ್ದ ಗುಟ್ಟಿನ ತುಪ್ಪದ ಚಪಾತಿ ನಿಂತದ್ದು. ‘ಎರಡು ವರ್ಷ ಹೆಚ್ಚು ಬದುಕುತ್ತದೆ ಅಂದಮೇಲೆ ನಾನ್ಯಾಕೆ ಹಾಕಲಿ’ ಎಂದರು. ಅಳತೆ ಲೋಟ ಈಗ ಅವರ ಕೈಯಲ್ಲೇ ಇದೆ.

ರಾಣಿಯ ತೊಂದರೆ ಇದಕ್ಕೆ ತಿರುಗುಮುರುಗು. ಅವಳು ಉಣ್ಣುವುದೇ ಮನಸ್ಸು ಬಂದಾಗ. ಪೊಟ್ಟಣದ ಒಣ ಆಹಾರವನ್ನು ಒಂದೊಂದೇ ಕಾಳು ಹೊರಗೆತ್ತಿಟ್ಟು, ಮೂಸಿ, ಬಿಟ್ಟುಹೋಗುತ್ತಾಳೆ. ಹಾಲಿನಲ್ಲಿ ನೆನೆಸಿದ ಜೋಳದ ರೊಟ್ಟಿ, ಬೇಯಿಸಿದ ಮೊಟ್ಟೆ ಕೊಟ್ಟರೆ ಉಣ್ಣುತ್ತಾಳೆ. ಪಕ್ಕೆಲುಬು ಕಾಣುವ ಅವಳ ಮೈ ನೋಡಿ ದಾರಿಹೋಕರು ‘ಊಟ ಹಾಕುವುದಿಲ್ಲವೇ?’ ಎಂದು ನನ್ನನ್ನು ಗದರಿಸಿದ್ದೂ ಉಂಟು. ಬೇಟೆನಾಯಿಯ ಮೈಕಟ್ಟೇ ಹಾಗೆ. ಕೊನೆಯ ಎರಡು ಮೂರು ಪಕ್ಕೆಲುಬು ತುಸು ಕಾಣುವುದು ಅವುಗಳಲ್ಲಿ ಆರೋಗ್ಯದ ಲಕ್ಷಣ. ಮೈಯಲ್ಲಿ ಕೊಬ್ಬು ಕಡಿಮೆ ಇರುವುದರಿಂದ ಒಂದು ಎಚ್ಚರ ಮಾತ್ರ ಬೇಕು: ಶಸ್ತ್ರಚಿಕಿತ್ಸೆ ಮಾಡಿಸುವಾಗ ಇದು ಮುಧೋಳ ಬೇಟೆನಾಯಿ ಎಂದು ಪಶುವೈದ್ಯರಿಗೆ ಮೊದಲೇ ಹೇಳಿ. ಕೆಲವು ಅರಿವಳಿಕೆ ಔಷಧಗಳ ಪರಿಣಾಮ ಇಂಥ ನಾಯಿಗಳಲ್ಲಿ ಬೇಗ ಇಳಿಯುವುದಿಲ್ಲ.

ಕರಿಯ ಏನು ಹಾಕಿದರೂ ಉಂಡು, ಹೊಟ್ಟೆ ತುಂಬಿದಾಗ ತಾನಾಗಿ ನಿಲ್ಲಿಸುತ್ತಾನೆ. ಚೂರು ಉಳಿದರೆ ದಾಸವಾಳದ ಬುಡದಲ್ಲಿ ಹೂತಿಟ್ಟು, ಮೂಗಿನಿಂದಲೇ ಮಣ್ಣು ಮುಚ್ಚಿ ಬರುತ್ತಾನೆ. ನಾಳೆಗೆ ಕೂಡಿಡುವ ಈ ಬುದ್ಧಿಯಿಂದ ನಮ್ಮ ಹೂಗಿಡಗಳಿಗೆ ಆಯಸ್ಸಿಲ್ಲ. ಮೂವರಿಗೂ ಅನ್ವಯಿಸುವ ಒಂದು ಮಾತನ್ನು ಇಲ್ಲೇ ಹೇಳಿಬಿಡುತ್ತೇನೆ. ಮನೆಯಲ್ಲಿ ಉಳಿದ ಸಾರು, ಪಲ್ಯವನ್ನು ನಾಯಿಗೆ ಹಾಕುವುದು ನಮ್ಮಲ್ಲಿ ವಾಡಿಕೆ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಬೇಯಿಸಿದರೂ ಆ ಗುಣ ಹೋಗುವುದಿಲ್ಲ. ದ್ರಾಕ್ಷಿ, ಒಣದ್ರಾಕ್ಷಿಯಿಂದ ಮೂತ್ರಪಿಂಡ ಕೆಡಬಹುದು. ಚಾಕೊಲೇಟ್ ಕೂಡ ವಿಷ. ಒಗ್ಗರಣೆ ಹಾಕುವ ಮೊದಲೇ ನಾಯಿಯ ಪಾಲನ್ನು ತೆಗೆದಿಡುವುದು ಸುಲಭವಾದ ದಾರಿ.

ಓಟದಲ್ಲಿ ಮುಧೋಳಕ್ಕೆ ಎದುರಿಲ್ಲ. ರಾಣಿ ಓಡುವುದನ್ನು ನೋಡುವುದು ನನ್ನ ಬದುಕಿನ ದೊಡ್ಡ ಸಂತೋಷಗಳಲ್ಲೊಂದು. ಬೆನ್ನು ಬಿಲ್ಲಾಗಿ ಬಾಗಿ, ನಾಲ್ಕೂ ಕಾಲು ನೆಲ ಬಿಟ್ಟು, ಹೊಲದ ಈ ಬದುವಿನಿಂದ ಆ ಬದುವಿಗೆ ಅವಳು ತಲುಪುವಾಗ ಉಸಿರು ಹಿಡಿದು ನಿಂತಿರುತ್ತೇನೆ. 20ನೆಯ ಶತಮಾನದ ಆರಂಭದಲ್ಲಿ ಮುಧೋಳದ ಅರಸ ಮಾಲೋಜಿರಾವ್ ಘೋರ್ಪಡೆ ಈ ತಳಿಯನ್ನು ಪೋಷಿಸಿ ಬೆಳೆಸಿದರು. 2005ರಲ್ಲಿ ಅಂಚೆ ಇಲಾಖೆ ಇದರ ಚಿತ್ರವಿರುವ ಅಂಚೆಚೀಟಿ ಹೊರತಂದಿತು. 2016ರಲ್ಲಿ ಮುಧೋಳದ ಮರಿಗಳು ತರಬೇತಿಗಾಗಿ ಮೀರತ್‌ನ ಸೇನಾ ಕೇಂದ್ರಕ್ಕೂ ಹೋದವು. ನಮ್ಮ ನೆಲದ ನಾಯಿಗೆ ಸಿಕ್ಕ ಈ ಗೌರವ ಕಂಡು ಹೆಮ್ಮೆಯಾಗುತ್ತದೆ. ಆದರೆ ಆ ಹೆಮ್ಮೆಯೊಂದನ್ನೇ ನಂಬಿ ಎರಡು ಕೋಣೆಯ ಅಪಾರ್ಟ್‌ಮೆಂಟಿಗೆ ಮುಧೋಳದ ಮರಿಯನ್ನು ತರುವವರನ್ನು ಕಂಡರೆ ನನಗೆ ನಾಯಿಯ ಬಗ್ಗೆ ಸಂಕಟವಾಗುತ್ತದೆ. ಅಳಿಲು, ಕೋಳಿ, ಗಾಳಿಗೆ ಹಾರುವ ಪ್ಲಾಸ್ಟಿಕ್ ಚೀಲ ಯಾವುದಾದರೂ ಸರಿ, ಕಣ್ಣಿಗೆ ಬಿತ್ತೆಂದರೆ ರಾಣಿಯ ಕಿವಿಗೆ ನನ್ನ ಕೂಗು ತಲುಪುವುದಿಲ್ಲ. ಕರೆದರೂ ಬರದಿರುವುದು ಹಟವಲ್ಲ. ಮಾಲೀಕನ ಅಪ್ಪಣೆಗೆ ಕಾಯದೆ ದೂರದ ಬೇಟೆಯನ್ನು ತಾನೇ ಅಟ್ಟಿಹಿಡಿಯಲೆಂದು ಬೆಳೆಸಿದ ತಳಿ ಅದು. ಬೇಲಿ ಹಾಕಿದ ಜಾಗದ ಹೊರಗೆ ಹಗ್ಗ ಬಿಚ್ಚಲೇಬಾರದು. ಕೊರಳ ಪಟ್ಟಿಯೂ ಸಾಮಾನ್ಯವಾದದ್ದು ಆಗುವುದಿಲ್ಲ. ಇವುಗಳ ತಲೆ ಕುತ್ತಿಗೆಗಿಂತ ಕಿರಿದಾದ್ದರಿಂದ ಹಿಂದಕ್ಕೆ ಜಗ್ಗಿದರೆ ಪಟ್ಟಿ ಜಾರಿಬರುತ್ತದೆ. ಎಳೆದಾಗ ಮಾತ್ರ ತುಸು ಬಿಗಿಯಾಗುವ ಅಗಲವಾದ ಪಟ್ಟಿಯೇ ಬೇಕು.

ಅಷ್ಟು ಓಡುವ ನಾಯಿ ಮನೆಯೊಳಗೆ ಎಷ್ಟು ಮಲಗುತ್ತದೆ ಎಂಬುದು ಮಾತ್ರ ಹೊಸಬರಿಗೆ ಅಚ್ಚರಿ. ಬೆಳಗಿನ ಓಟ ಮುಗಿದರೆ ರಾಣಿ ದಿನವಿಡೀ ಸೋಫಾ ಬಿಟ್ಟು ಇಳಿಯುವುದಿಲ್ಲ. ಕೂದಲು ತೆಳು, ಮೂಳೆಗಳ ಮೇಲೆ ಮಾಂಸ ಕಡಿಮೆ, ಹಾಗಾಗಿ ಬರಿನೆಲದ ಮೇಲೆ ಮಲಗಿದರೆ ಮೊಣಕೈ ಒರಟಾಗಿ ಕೂದಲು ಉದುರುತ್ತದೆ. ಧಾರವಾಡದ ಮಳೆಗಾಲದಲ್ಲಿ ಅವಳಿಗೆ ಅಂಗಿ ತೊಡಿಸುತ್ತೇವೆ. ಹನಿ ಬಿದ್ದರೆ ಅಂಗಳಕ್ಕೂ ಇಳಿಯಳು. ವಿಸರ್ಜನೆಗೆ ಕರೆದೊಯ್ಯಲು ಕೊಡೆ ಹಿಡಿದು ಜೊತೆಗೆ ನಿಲ್ಲಬೇಕು.

ಅದೇ ಮಳೆ ಬ್ರೂನೋಗೆ ಹಬ್ಬ. ಲ್ಯಾಬ್ರಡಾರ್‌ಗಳ ಪೂರ್ವಿಕರು ಕೆನಡಾದ ನ್ಯೂಫೌಂಡ್‌ಲ್ಯಾಂಡ್ ದ್ವೀಪದ ಬೆಸ್ತರ ಜೊತೆಗಿದ್ದವರು. ಆಮೇಲೆ ಬ್ರಿಟನ್ನಿನಲ್ಲಿ ಗುಂಡೇಟಿಗೆ ಬಿದ್ದ ಹಕ್ಕಿಗಳನ್ನು ನೀರಿನಿಂದ ಎತ್ತಿ ತರುವ ಕೆಲಸಕ್ಕೆ ಬೆಳೆಸಿದರು. ಕೆಲಗೇರಿ ಕೆರೆಯ ದಂಡೆಗೆ ಹೋದರೆ ಅವನ ಹಗ್ಗ ಹಿಡಿದು ನಿಲ್ಲಲು ಎರಡೂ ಕೈ ಬೇಕು. ಮನೆಗೆ ಬಂದವರ ಚಪ್ಪಲಿಯನ್ನು ಬಾಯಲ್ಲಿ ಹೊತ್ತು ತಂದು, ಬಾಲವಾಡಿಸುತ್ತಾ ಅವರ ಮುಂದೆಯೇ ನಿಲ್ಲುವುದೂ ಅದೇ ವಿದ್ಯೆಯ ಮುಂದುವರಿಕೆ. ಹಕ್ಕಿಗೆ ಗಾಯವಾಗದಂತೆ ಹಿಡಿಯುವ ಮೆತ್ತನೆಯ ಬಾಯಿ ಅದು, ಚಪ್ಪಲಿಯ ಮೇಲೆ ಹಲ್ಲಿನ ಗುರುತೂ ಇರುವುದಿಲ್ಲ. ಬೈದರೆ ಅವನಿಗೆ ಅರ್ಥವಾಗುವುದಿಲ್ಲ. ಬಾಗಿಲ ಬಳಿ ಒಂದು ಹಳೆಯ ಟವೆಲ್ ಇಟ್ಟು, ಅತಿಥಿಗಳು ಬಂದಾಗ ಅದನ್ನು ತರಲು ಹೇಳಿದರೆ ಎಲ್ಲರ ಚಪ್ಪಲಿಯೂ ಕ್ಷೇಮ. ಒತ್ತಾದ ಎರಡು ಪದರದ ಕೂದಲು ಬೇಸಿಗೆಯಲ್ಲಿ ಅವನಿಗೆ ಶಿಕ್ಷೆಯಾಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಸೂರ್ಯ ಏರುವ ಮೊದಲೇ ತಿರುಗಾಟ ಮುಗಿಸಬೇಕು. ರಸ್ತೆಯ ಮೇಲೆ ಅಂಗೈ ಇಟ್ಟು ನೋಡಿ. ನಿಮಗೆ ಸುಟ್ಟರೆ ಅದರ ಪಾದಕ್ಕೂ ಸುಡುತ್ತದೆ. ಮಳೆಗಾಲದ ನಂತರ ಆ ಕೂದಲಲ್ಲಿ ರಕ್ತ ಹೀರುವ ಉಣ್ಣೆಹುಳ ಹುಡುಕುವುದು ದೊಡ್ಡ ಕೆಲಸ. ರಾಣಿಯ ಮೈಮೇಲಿನ ಉಣ್ಣೆ ದೂರದಿಂದಲೇ ಕಾಣುತ್ತದೆ. ಕಿವಿಯ ಒಳಭಾಗ, ಬೆರಳುಗಳ ಸಂದಿ, ಕೊರಳ ಪಟ್ಟಿಯ ಅಡಿ ದಿನವೂ ನೋಡಬೇಕಾದ ಜಾಗಗಳು. ಉಣ್ಣೆಯಿಂದ ಬರುವ ಜ್ವರ ನಾಯಿಯ ಜೀವ ತೆಗೆಯಬಹುದು.

ಕಾವಲು? ಅದನ್ನು ಕರಿಯನಿಗೇ ಬಿಡಿ. ಬ್ರೂನೋ ಅಪರಿಚಿತರಿಗೂ ಆಟದ ಚೆಂಡು ತಂದುಕೊಡುತ್ತಾನೆ. ರಾಣಿ ಹೊಸಬರನ್ನು ಕಂಡರೆ ಬೊಗಳದೆ ಹಿಂದೆ ಸರಿದು ನಿಲ್ಲುತ್ತಾಳೆ. ಕರಿಯನ ಬೊಗಳುವಿಕೆಯಲ್ಲಿ ಹಾಲಿನವರಿಗೊಂದು, ಓಣಿಯ ಬೇರೆ ನಾಯಿಗಳಿಗೊಂದು, ಕತ್ತಲಲ್ಲಿ ಗೇಟು ಮುಟ್ಟಿದವರಿಗೊಂದು ಎಂದು ಬೇರೆ ಬೇರೆ ಸ್ವರಗಳಿವೆ. ಒಳಗೆ ಕುಳಿತೇ ಬಂದವರು ಯಾರೆಂದು ತಿಳಿಯಬಹುದು. ಮೂತ್ರ ಮಾಡಿದ ಮೇಲೆ ಹಿಂಗಾಲಿನಿಂದ ಮಣ್ಣು ಕೆರೆದು ಹಾರಿಸುವ ಅಭ್ಯಾಸವೂ ಮೂವರಲ್ಲಿ ಅವನಿಗೇ ಹೆಚ್ಚು. ಪಾದದಲ್ಲಿರುವ ಗ್ರಂಥಿಗಳ ವಾಸನೆಯನ್ನು ನೆಲಕ್ಕೆ ಹಚ್ಚಿ ಗಡಿ ಗುರುತಿಸುವ ರೀತಿ ಅದು. ಎಂಟು ಮಂದಿ ನೆಂಟರು ಒಟ್ಟಿಗೆ ಬಂದಾಗ ಅವನನ್ನು ಹಿತ್ತಿಲಿಗೆ ಕಳಿಸಬೇಕಾಗುತ್ತದೆ ಎಂಬುದನ್ನೂ ಹೇಳಬೇಕು. ಹೊಸಬರನ್ನು ಒಪ್ಪಲು ಅವನಿಗೆ ಸಮಯ ಬೇಕು, ಅವಸರ ಮಾಡಿದರೆ ಗುರ್ ಎನ್ನುತ್ತಾನೆ. ಚಿಕ್ಕ ಮಕ್ಕಳು ಬಂದುಹೋಗುವ ಮನೆಗೆ ಬ್ರೂನೋನಂಥವನೇ ವಾಸಿ.

ದೀಪಾವಳಿಯ ಪಟಾಕಿಗೆ ಬ್ರೂನೋ ಕಿವಿಯನ್ನೂ ಅಲುಗಿಸುವುದಿಲ್ಲ. ಬಂದೂಕಿನ ಸದ್ದಿಗೆ ಬೆದರದ ನಾಯಿಗಳನ್ನೇ ಆರಿಸಿ ಬೆಳೆಸಿದ ತಳಿಯಲ್ಲವೇ. ಉಳಿದಿಬ್ಬರಿಗೆ ಅದು ಭಯಂಕರ ಸಮಯ. ರಾಣಿ ನಡುಗುತ್ತಾಳೆ, ಕರಿಯ ಮಂಚದ ಕೆಳಗಿನ ಮೂಲೆ ಸೇರುತ್ತಾನೆ. ಹೊರಗೆಳೆದು ಸಮಾಧಾನ ಮಾಡಿದರೆ ಕರಿಯನಿಗೆ ಇನ್ನೂ ಕಷ್ಟ. ಅಡಗಿದಲ್ಲೇ ಬಿಟ್ಟರೆ ಮರುದಿನಕ್ಕೆ ಸರಿಹೋಗುತ್ತಾನೆ. ರಾಣಿಗೆ ಪಕ್ಕದಲ್ಲಿ ಮನುಷ್ಯರು ಬೇಕೇ ಬೇಕು. ಒಳಕೋಣೆಯ ಕಿಟಕಿ ಮುಚ್ಚಿ, ಫ್ಯಾನನ್ನು ಜೋರಾಗಿ ಹಾಕಿ, ಮೈಗೆ ಮೈ ತಾಗಿಸಿ ಕುಳಿತರೆ ನಡುಕ ಇಳಿಯುತ್ತದೆ.

ನನ್ನ ತೀರ್ಮಾನ ಹೀಗೆ. ಸುತ್ತ ಬೇಲಿಯಿರುವ ಹೊಲವೋ ದೊಡ್ಡ ಹಿತ್ತಿಲೋ ಇದ್ದು, ದಿನವೂ ಬೆಳಗ್ಗೆ ಏಳಬಲ್ಲವರಿಗೆ ಮುಧೋಳ. ಮಕ್ಕಳು, ನೆಂಟರು, ಗದ್ದಲ ತುಂಬಿದ ಮನೆಗೆ ಲ್ಯಾಬ್ರಡಾರ್, ಅದೂ ಊಟ ಅಳೆದು ಹಾಕುವ ಗಟ್ಟಿ ಮನಸ್ಸಿನವರಿದ್ದರೆ. ಉಳಿದ ಹತ್ತರಲ್ಲಿ ಎಂಟು ಮನೆಗಳಿಗೆ ನಾನು ಹೇಳುವುದು ನಾಡನಾಯಿಯನ್ನೇ. ನಮ್ಮ ಬಿಸಿಲಿಗೆ ಒಗ್ಗಿದ ಮೈ, ಮಿತವಾದ ಊಟ, ಮನುಷ್ಯರನ್ನು ಓದುವ ಬುದ್ಧಿ. ಮೂವರಲ್ಲಿ ಪಶುವೈದ್ಯರ ಬಳಿ ಅತಿ ಕಡಿಮೆ ಹೋದವನು ಕರಿಯ. ಅವನು ಹೋಗುವುದು ವರ್ಷಕ್ಕೊಮ್ಮೆ ರೇಬಿಸ್ ಮತ್ತಿತರ ಲಸಿಕೆಗಳಿಗಾಗಿ.

ಮುಧೋಳದ ಮರಿಯೇ ಬೇಕೆನ್ನುವವರು ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿರುವ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರದಲ್ಲಿ ಮೊದಲು ವಿಚಾರಿಸಿ. ಲ್ಯಾಬ್ರಡಾರ್ ತರುವವರು ತಂದೆತಾಯಿ ನಾಯಿಗಳ ಸೊಂಟದ ಎಕ್ಸ್‌ರೇ ಕೇಳಿ. ಸೊಂಟದ ಕೀಲು ಸವೆಯುವ ತೊಂದರೆ ಈ ತಳಿಯಲ್ಲಿ ವಂಶಪಾರಂಪರ್ಯವಾಗಿ ಬರುತ್ತದೆ. ನಾಡನಾಯಿಗಾದರೆ ನಿಮ್ಮ ಓಣಿಯನ್ನೇ ನೋಡಿ. ಮೂರರಲ್ಲಿ ಯಾವುದೇ ಆದರೂ ಎಂಟು ವಾರ ತುಂಬುವ ಮೊದಲು ಮರಿಯನ್ನು ತಾಯಿಯಿಂದ ಅಗಲಿಸಬೇಡಿ. ಮಾರುವವರು ತಾಯಿನಾಯಿಯನ್ನು ತೋರಿಸಲು ಹಿಂಜರಿದರೆ, ಮರಿ ಎಷ್ಟೇ ಮುದ್ದಾಗಿದ್ದರೂ ಅಲ್ಲಿಂದ ತರಬೇಡಿ.