ಸಿ ಕೋಡಿನಿಂದ ಎಲ್‌ಡ್ಯಾಪ್ ಸರ್ವರ್‌ಗೆ ಕನೆಕ್ಷನ್: ಮೂರನ್ನೂ ಬಳಸಿ ನೋಡಿದ ಮೇಲೆ

ಎಲ್‌ಡ್ಯಾಪ್ ಎಂದರೆ ಡೈರೆಕ್ಟರಿ ಸರ್ವರ್‌ನಿಂದ ಮಾಹಿತಿ ಹುಡುಕಲು ಬಳಸುವ ಪ್ರೋಟೋಕಾಲ್. ಅದಕ್ಕಿರುವ ಓಪನ್‌ಎಲ್‌ಡ್ಯಾಪ್ ಲೈಬ್ರರಿಯಲ್ಲಿ ಕನೆಕ್ಷನ್ ಶುರು ಮಾಡಲು ಮುಖ್ಯವಾಗಿ ಮೂರು ಫಂಕ್ಷನ್‌ಗಳಿವೆ: ಎಲ್‌ಡ್ಯಾಪ್_ಓಪನ್, ಎಲ್‌ಡ್ಯಾಪ್_ಇನಿಟ್, ಎಲ್‌ಡ್ಯಾಪ್_ಇನಿಷಿಯಲೈಜ್. ಮೂರನ್ನೂ ಬಳಸಿದ್ದೇನೆ. ಇವತ್ತು ಹೊಸದಾಗಿ ಬರೆಯುವವರಿಗೆ ನಾನು ಹೇಳುವುದು ಕೊನೆಯದನ್ನೇ.

ಎಲ್‌ಡ್ಯಾಪ್_ಓಪನ್ 1995ರ ಆರ್‌ಎಫ್‌ಸಿ 1823ರ (ಎಲ್‌ಡ್ಯಾಪ್‌ನ ಸಿ ಫಂಕ್ಷನ್‌ಗಳನ್ನು ವಿವರಿಸಿದ ದಾಖಲೆ) ಕಾಲದ್ದು. ಕರೆದ ತಕ್ಷಣ ಸರ್ವರ್‌ಗೆ ಕನೆಕ್ಟ್ ಆಗಲು ಹೋಗುತ್ತದೆ. ಆಗದಿದ್ದರೆ ಕೈಗೆ ಬರುವುದು ನಲ್ ಮಾತ್ರ. ಹ್ಯಾಂಡಲ್ (ಕನೆಕ್ಷನ್ ಅನ್ನು ಸೂಚಿಸುವ ಪಾಯಿಂಟರ್) ಸಿಕ್ಕ ಮೇಲೆ ಟೈಮ್‌ಔಟ್ ಹಾಕೋಣ ಅಂದರೆ, ಅಷ್ಟರಲ್ಲಿ ಕನೆಕ್ಟ್ ಆಗುವ ಕೆಲಸವೇ ಮುಗಿದಿರುತ್ತದೆ. ಇದನ್ನು ಬಿಟ್ಟುಬಿಡಿ.

ನನಗೆ ತಲೆನೋವು ಕೊಟ್ಟಿದ್ದು ಎಲ್‌ಡ್ಯಾಪ್_ಇನಿಟ್. ಆಫೀಸಿನಲ್ಲಿ ಬೇರೆ ಯಾರೋ ಬರೆದಿಟ್ಟು ಹೋದ ಒಂದು ಪ್ರೋಗ್ರಾಂ ಇತ್ತು. ಡೈರೆಕ್ಟರಿಯಿಂದ ಉದ್ಯೋಗಿಗಳ ಫೋನ್ ನಂಬರ್ ಹುಡುಕಿಕೊಡುವುದು ಅದರ ಕೆಲಸ. ಹಳೆಯ ಯಂತ್ರದಲ್ಲಿ ಸುಮ್ನೆ ಓಡುತ್ತಿತ್ತು. ಹೊಸ ಲಿನಕ್ಸ್‌ನಲ್ಲಿ ಕಂಪೈಲ್ ಮಾಡಿದರೆ ಎರರ್ ಇಲ್ಲ, ಓಡಿಸಿದರೆ ನೇರ ಸೆಗ್ಮೆಂಟೇಷನ್ ಫಾಲ್ಟ್, ಅಂದರೆ ತಪ್ಪು ಮೆಮೊರಿ ವಿಳಾಸ ಮುಟ್ಟಿ ಪ್ರೋಗ್ರಾಂ ಕ್ರ್ಯಾಶ್. ಅದೂ ಇನಿಟ್ ಇರುವ ಸಾಲಿನಲ್ಲಿ ಅಲ್ಲ, ಅದರ ಮುಂದಿನ ಸಾಲಿನಲ್ಲಿ, ಪ್ರೋಟೋಕಾಲ್ ಆವೃತ್ತಿ ಹೊಂದಿಸುವ ಕಡೆ. ಹಾಗಾಗಿ ಅನುಮಾನ ಮೊದಲು ಸರ್ವರ್ ಮೇಲೆ ಹೋಗುತ್ತದೆ, ಆಮೇಲೆ ಫೈರ್‌ವಾಲ್ ಮೇಲೆ. ಎರಡಕ್ಕೂ ಇದಕ್ಕೂ ಸಂಬಂಧವೇ ಇರಲಿಲ್ಲ.

ಜಿಡಿಬಿ ಡಿಬಗರ್‌ನಲ್ಲಿ ನೋಡಿದಾಗ ವಿಷಯ ಗೊತ್ತಾಯಿತು. ಹ್ಯಾಂಡಲ್‌ನ ವಿಳಾಸದಲ್ಲಿ ಕೊನೆಯ 8 ಹೆಕ್ಸ್ ಅಂಕಿ ಮಾತ್ರ ಉಳಿದಿತ್ತು. ಓಪನ್‌ಎಲ್‌ಡ್ಯಾಪ್ ಇನಿಟ್ ಅನ್ನು ಡೆಪ್ರಿಕೇಟ್ ಮಾಡಿದೆ, ಅಂದರೆ ಇನ್ನು ಬಳಸಬೇಡಿ ಎಂದು ಬದಿಗಿಟ್ಟಿದೆ. ಎಲ್‌ಡ್ಯಾಪ್_ಡೆಪ್ರಿಕೇಟೆಡ್ ಅನ್ನು 1 ಎಂದು ಡಿಫೈನ್ ಮಾಡದಿದ್ದರೆ ಹೆಡರ್ ಫೈಲ್ ಅದರ ಡಿಕ್ಲರೇಷನ್ ಅನ್ನೇ ತೋರಿಸುವುದಿಲ್ಲ. ಲೈಬ್ರರಿಯಲ್ಲಿ ಮಾತ್ರ ಫಂಕ್ಷನ್ ಹಾಗೇ ಇದೆ, ಆದ್ದರಿಂದ ಲಿಂಕ್ ಆಗುತ್ತದೆ. ಡಿಕ್ಲರೇಷನ್ ಕಾಣದ ಕಂಪೈಲರ್ ಅದು ಇಂಟ್ ಕೊಡುತ್ತದೆ ಎಂದುಕೊಳ್ಳುತ್ತದೆ. 64 ಬಿಟ್ ಪಾಯಿಂಟರ್ 32 ಬಿಟ್‌ಗೆ ಕತ್ತರಿಸಿ ಹೋಗುತ್ತದೆ.

ಹಾಗಾದರೆ ಹಳೆಯ ಯಂತ್ರದಲ್ಲಿ ಹೇಗೆ ಓಡಿತು? ಅದೂ 64 ಬಿಟ್ ಯಂತ್ರವೇ. ಆದರೆ ಅಲ್ಲಿ ಪ್ರೋಗ್ರಾಂ ಪಿಐಇ (ಮೆಮೊರಿಯಲ್ಲಿ ಎಲ್ಲಿ ಬೇಕಾದರೂ ಕೂರಬಲ್ಲ ಪ್ರೋಗ್ರಾಂ) ಆಗಿ ಕಂಪೈಲ್ ಆಗಿರಲಿಲ್ಲ. ಹೀಪ್ (ಪ್ರೋಗ್ರಾಂ ಓಡುವಾಗ ಪಡೆಯುವ ಮೆಮೊರಿ) ಕೆಳಗಿನ ವಿಳಾಸಗಳಲ್ಲೇ ಇತ್ತು, ಮೇಲಿನ 32 ಬಿಟ್ ಸೊನ್ನೆ. ಕತ್ತರಿಸಿದರೂ ನಷ್ಟವಿಲ್ಲ. ಹೊಸ ಡಿಸ್ಟ್ರೋಗಳಲ್ಲಿ ಪಿಐಇ ಡೀಫಾಲ್ಟ್. ಹೀಪ್ ತುಂಬಾ ಮೇಲಕ್ಕೆ ಹೋಗುತ್ತದೆ, ಅಲ್ಲಿಗೆ ಆಟ ಮುಗಿಯಿತು. ಕಂಪೈಲರ್ ವಾರ್ನಿಂಗ್ ಕೊಡಬೇಕಿತ್ತು ಅಲ್ವಾ? ಕೊಡುತ್ತಿತ್ತು. ಮೇಕ್‌ಫೈಲ್‌ನಲ್ಲಿ ಎಲ್ಲ ವಾರ್ನಿಂಗ್ ಮುಚ್ಚುವ ಫ್ಲ್ಯಾಗ್ ಕೂತಿತ್ತು. ಜಿಸಿಸಿ ಕಂಪೈಲರ್‌ನ ಆವೃತ್ತಿ 14ರಿಂದ ಇಂಥದ್ದು ಡೀಫಾಲ್ಟ್ ಆಗಿ ಎರರ್. ಒಳ್ಳೆಯ ಕೆಲಸ ಮಾಡಿದ್ದಾರೆ.

ಆ ಡಿಫೈನ್ ಸೇರಿಸಿದರೆ ಇನಿಟ್ ಸರಿಯಾಗೇ ಓಡುತ್ತದೆ. ಆದರೂ ನಾನು ಬದಲಾಯಿಸಿಬಿಟ್ಟೆ. ಕಾರಣ ಯುಆರ್‌ಐ, ಅಂದರೆ ಸರ್ವರ್‌ನ ಪೂರ್ತಿ ವಿಳಾಸ ಒಂದೇ ಸಾಲಿನಲ್ಲಿ. ಇನಿಟ್‌ಗೆ ಹೋಸ್ಟ್ ಬೇರೆ, ಪೋರ್ಟ್ ಬೇರೆ ಕೊಡಬೇಕು. ಪೋರ್ಟ್ 636ರಲ್ಲಿ ಟಿಎಲ್‌ಎಸ್ (ಎನ್‌ಕ್ರಿಪ್ಷನ್) ಬೇಕಾದರೆ ಇನ್ನೊಂದು ಆಪ್ಷನ್. ಇನಿಷಿಯಲೈಜ್‌ಗೆ ಒಂದೇ ಸಾಲು ಸಾಕು. ಎಲ್‌ಡ್ಯಾಪ್, ಟಿಎಲ್‌ಎಸ್‌ಗೆ ಎಲ್‌ಡ್ಯಾಪ್‌ಎಸ್, ಅದೇ ಯಂತ್ರದ ಯುನಿಕ್ಸ್ ಸಾಕೆಟ್‌ಗೆ ಎಲ್‌ಡ್ಯಾಪ್‌ಐ, ಎಲ್ಲವೂ ಆ ಸಾಲಿನಲ್ಲೇ. ಎರಡು ಸರ್ವರ್ ಇದ್ದರೆ ಮಧ್ಯೆ ಸ್ಪೇಸ್ ಬಿಟ್ಟು ಎರಡೂ ಬರೆಯಬಹುದು. ಕಾನ್ಫಿಗ್ ಫೈಲ್‌ನಲ್ಲಿ ಒಂದು ಸಾಲು ಬದಲಿಸಿದರೆ ಟೆಸ್ಟ್ ಸರ್ವರ್‌ನಿಂದ ನಿಜವಾದ ಸರ್ವರ್‌ಗೆ ಹೋಗಬಹುದು, ಕೋಡ್ ಮುಟ್ಟಬೇಕಾಗಿಲ್ಲ. ಎರರ್ ಕೋಡ್ ಕೂಡ ನೇರವಾಗಿ ವಾಪಸ್ ಬರುತ್ತದೆ.

ಒಂದು ಎಚ್ಚರಿಕೆ. ಇನಿಷಿಯಲೈಜ್ ಯಶಸ್ವಿ ಎಂದರೆ ಕನೆಕ್ಷನ್ ಆಯಿತು ಎಂದಲ್ಲ. ಸರ್ವರ್ ಆಫ್ ಆಗಿದ್ದರೂ ಅದು ಸಕ್ಸಸ್ ಎನ್ನುತ್ತದೆ, ಹ್ಯಾಂಡಲ್ ಕೊಡುತ್ತದೆ ಅಷ್ಟೇ. ನಿಜವಾದ ಕನೆಕ್ಷನ್ ಬೈಂಡ್ (ಸರ್ವರ್‌ಗೆ ಲಾಗಿನ್ ಆಗುವುದು) ಹೊತ್ತಿಗೆ. ಇನಿಟ್ ಕೂಡ ಹೀಗೇ. ನಡುವೆ ಸಿಗುವ ಈ ಜಾಗದಲ್ಲೇ ನೆಟ್‌ವರ್ಕ್ ಟೈಮ್‌ಔಟ್ ಹಾಕುತ್ತೇನೆ, ಆವೃತ್ತಿಯನ್ನು 3 ಮಾಡುತ್ತೇನೆ. ನಾನು ಬಳಸಿದ 2.4 ಲೈಬ್ರರಿ ತಾನಾಗಿ ಆವೃತ್ತಿ 2 ಹಿಡಿಯುತ್ತಿತ್ತು, ಸರ್ವರ್ ಅದನ್ನು ಒಪ್ಪದೆ ಪ್ರೋಟೋಕಾಲ್ ಎರರ್ ಕೊಡುತ್ತಿತ್ತು.

ಬೈಂಡ್‌ಗೆ ಎಲ್‌ಡ್ಯಾಪ್_ಸಾಸ್ಲ್_ಬೈಂಡ್_ಎಸ್ ಬಳಸಿ. ಸಿಂಪಲ್_ಬೈಂಡ್_ಎಸ್ ಕೂಡ ಅದೇ ಡೆಪ್ರಿಕೇಟೆಡ್ ಪಟ್ಟಿಯಲ್ಲಿದೆ.

ಇನಿಟ್‌ಗೆ ನಿಜವಾಗಿ ಜಾಗ ಇರುವುದು ಒಂದೇ ಕಡೆ: ಅದೇ ಕೋಡ್ ವಿಂಡೋಸ್‌ನಲ್ಲೂ ಓಡಬೇಕಾದಾಗ. ಅಲ್ಲಿನ ಎಲ್‌ಡ್ಯಾಪ್ ಲೈಬ್ರರಿ ಡಬ್ಲ್ಯೂಎಲ್‌ಡ್ಯಾಪ್32ರಲ್ಲಿ ಇನಿಟ್ ಇದೆ, ಇನಿಷಿಯಲೈಜ್ ಇಲ್ಲ. ನನ್ನ ಕೆಲಸವೆಲ್ಲ ಲಿನಕ್ಸ್‌ನಲ್ಲೇ, ವಿಂಡೋಸ್ ಲೈಸೆನ್ಸ್‌ಗೆ ಹಾಕುವಷ್ಟು ದುಡ್ಡು ನಮ್ಮ ಚಿಕ್ಕ ತಂಡದಲ್ಲಿಲ್ಲ. ಟೆಸ್ಟ್ ಸರ್ವರ್ ಕೂಡ ಹಳೆಯ ಲ್ಯಾಪ್‌ಟಾಪ್‌ನಲ್ಲಿ ಹಾಕಿಕೊಂಡ ಸ್ಲ್ಯಾಪ್‌ಡಿ, ಅಂದರೆ ಓಪನ್‌ಎಲ್‌ಡ್ಯಾಪ್‌ನದೇ ಸರ್ವರ್. ಹಾಗಾಗಿ ನನ್ನ ಕೋಡಿನಲ್ಲಿ ಈಗ ಎಲ್ಲ ಕಡೆ ಇನಿಷಿಯಲೈಜ್ ಒಂದೇ, ಮೇಕ್‌ಫೈಲ್‌ನಲ್ಲಿ ವಾರ್ನಿಂಗ್ ಎಲ್ಲ ಆನ್.