ಸಯಾಟಿಕಾ ಇಟ್ಟುಕೊಂಡೇ ಓಡುವವರಿಗೆ: ಸೈಕಲ್, ಈಜುಕೊಳ, ಬೆಟ್ಟದ ಮೆಟ್ಟಿಲು, ಕೆರೆ ದಾರಿ

ಓಡುವವರಿಗೆ ಸಯಾಟಿಕಾ, ಅಂದರೆ ಸೊಂಟದಲ್ಲಿ ನರ ಒತ್ತಿ ಕಾಲಿಗೆ ಇಳಿಯುವ ನೋವು, ಬಂದರೆ ಸುತ್ತಲಿನವರೆಲ್ಲ ಹೇಳುವುದು ಒಂದೇ ಮಾತು, ಓಟ ಬಿಡಿ, ಬೇರೆ ಏನಾದ್ರೂ ಮಾಡಿ. ಆ ಬೇರೆ ಏನು ಅಂತ ಮಾತ್ರ ಯಾರೂ ಬಿಡಿಸಿ ಹೇಳಲ್ಲ. ನನಗೆ ಬಂದಿದ್ದು ಬಲಗಾಲಿಗೆ. ಸೊಂಟದ ಕೆಳಗಿನ ಎಲ್5-ಎಸ್1 ಡಿಸ್ಕ್, ಅಂದರೆ ಬೆನ್ನುಮೂಳೆಗಳ ನಡುವಿನ ಮೆತ್ತೆ, ಉಬ್ಬಿ ನರದ ಬೇರನ್ನು ಒತ್ತುತ್ತಿತ್ತು. ಪಿರ್ರೆಯಲ್ಲಿ ಶುರುವಾದ ಚಳುಕು ತೊಡೆ ಹಿಂದೆ, ಮೀನಖಂಡ ಎಲ್ಲ ದಾಟಿ ಕಾಲಿನ ಕಿರುಬೆರಳಿನವರೆಗೂ ಇಳಿಯುತ್ತಿತ್ತು. ಹಾಸಿಗೆ ಹಿಡಿದು ಮಲಗಿದರೆ ವಾಸಿಯಾಗುವ ಕಾಯಿಲೆ ಅಲ್ಲ ಇದು, ಮೈ ಆಡುತ್ತಿರಬೇಕು ಅಂತ ಈಗ ಡಾಕ್ಟರುಗಳೂ ಹೇಳುತ್ತಾರೆ. ಹಾಗಾಗಿ ಮೈಸೂರಿನಲ್ಲಿ ಕೈಗೆಟಕುವ ದಾರಿಗಳನ್ನೆಲ್ಲ ಒಂದೊಂದಾಗಿ ಮಾಡಿ ನೋಡಿದೆ.

ಯಾವುದು ಒಗ್ಗಿತು ಅಂತ ತೀರ್ಮಾನ ಮಾಡಿದ್ದು ಮಾಡುವಾಗಿನ ನೋವಿನ ಮೇಲೆ ಅಲ್ಲ, ಮಾರನೇ ಬೆಳಗ್ಗೆಯ ಮೇಲೆ. ಮೈ ಬಿಸಿ ಇದ್ದಾಗ ನರ ಸುಮ್ಮನಿರುತ್ತದೆ. ಬೆಳಗ್ಗೆ ಎದ್ದು ಹಲ್ಲುಜ್ಜಿ, ಬಾಯಿ ಮುಕ್ಕಳಿಸೋಕೆ ಬೇಸಿನ್ ಮೇಲೆ ಬಗ್ಗುತ್ತೀವಲ್ಲ, ಆಗ ಗೊತ್ತಾಗುತ್ತದೆ ನಿಜ. ಸಿಂಕಿನ ಅಂಚು ಹಿಡಿಯದೆ ಬಗ್ಗೋಕೆ ಆದರೆ ನಿನ್ನೆ ಮಾಡಿದ್ದು ಸರಿ. ಇನ್ನೊಂದು ಗುರುತು, ನೋವು ಎಲ್ಲಿಯವರೆಗೆ ಇಳಿದಿದೆ ಅನ್ನೋದು. ಕಾಲಿನಿಂದ ಮೇಲೆ ಸರಿದು ಸೊಂಟದಲ್ಲೇ ನಿಂತರೆ, ಸೊಂಟ ಸ್ವಲ್ಪ ಜಾಸ್ತಿ ನೋವಾದರೂ, ಒಳ್ಳೇ ಲಕ್ಷಣ. ಸೊಂಟ ಹಗುರಾಗಿ ಪಾದ ಜುಮ್ ಅಂದರೆ ಅದು ಕೆಟ್ಟದ್ದು.

ಎಲ್ಲರೂ ಮೊದಲು ಹೇಳೋದು ಸೈಕಲ್. ಮಂಡಿಗೆ ಹಗುರ, ದಮ್ಮೂ ಉಳಿಯುತ್ತದೆ, ನಿಜ. ಆದರೆ ಬಾಗಿದ ಹ್ಯಾಂಡಲಿನ ರೇಸ್ ಸೈಕಲ್ ಮೇಲೆ ಬೆನ್ನು ಬಗ್ಗಿಸಿಕೊಂಡೇ ಕೂರಬೇಕು. ಕೂರುವುದೂ ಬಗ್ಗುವುದೂ ಸೇರಿದರೆ ಡಿಸ್ಕ್ ಮೇಲೆ ಒತ್ತಡ ಏರುತ್ತದೆ. ಓಡಿಸುವಾಗ ಹಾಯಾಗಿತ್ತು, ಬೆಳಗ್ಗೆ ಬೇಸಿನ್ ಮುಂದೆ ನಿಂತಾಗ ಮೀನಖಂಡ ಹಿಡಿದುಕೊಂಡಿತ್ತು. ನೆಟ್ಟಗೆ ಕೂರುವ ಸೈಕಲ್, ಅಂದರೆ ಊರಲ್ಲಿ 2017ರಲ್ಲಿ ಶುರುವಾದ ಟ್ರಿಣ್ ಟ್ರಿಣ್ ಬಾಡಿಗೆ ಸೈಕಲ್ ಥರದ್ದು, ಎಷ್ಟೋ ವಾಸಿ. ಅದೂ ಅರ್ಧ ಗಂಟೆ ದಾಟಬಾರದು.

ಈಜುಕೊಳದ ಬಗ್ಗೆ ನನಗೆ ಹೇಳೋದು ಜಾಸ್ತಿ ಇದೆ. ಸುಮ್ನೆ ಈಜಿದರೆ ನನ್ನ ಮಟ್ಟಿಗೆ ಅರ್ಧ ಲಾಭ ಅಷ್ಟೇ. ಫ್ರೀಸ್ಟೈಲ್ ಒಗ್ಗಿತು. ಬ್ರೆಸ್ಟ್‌ಸ್ಟ್ರೋಕ್‌ನಲ್ಲಿ ಕಪ್ಪೆಯ ಹಾಗೆ ಕಾಲು ಒದೆಯುವಾಗ ಪಿರ್ರೆ ಒಳಗೆ ಸೆಳೆಯುತ್ತಿತ್ತು. ನಿಜವಾಗಿ ಕೈ ಹಿಡಿದಿದ್ದು ನೀರಿನೊಳಗೆ ಓಡುವುದು. ಎದೆಮಟ್ಟದ ನೀರಲ್ಲಿ ನಿಂತರೆ ಕಾಲಿನ ಮೇಲೆ ಬೀಳುವುದು ಮೈತೂಕದ ಸುಮಾರು ಮೂರನೇ ಒಂದು ಭಾಗ. ರಸ್ತೆಯಲ್ಲಿ ಓಡುವಾಗ ಒಂದೊಂದು ಹೆಜ್ಜೆಗೂ ಮೈತೂಕದ ಎರಡು-ಮೂರು ಪಟ್ಟು ಬೀಳುತ್ತದೆ. ಲೆಕ್ಕ ಹಾಕಿ ನೋಡಿ, ಎಷ್ಟು ವ್ಯತ್ಯಾಸ! ಸೊಂಟಕ್ಕೆ ತೇಲುವ ಬೆಲ್ಟ್ ಕಟ್ಟಿಕೊಂಡು, ಬೆನ್ನು ನೆಟ್ಟಗಿಟ್ಟು, ಮಂಡಿ ಎತ್ತಿ, ಕೈ ಬೀಸಿ ಓಡಿದರೆ ಓಟದ ಲಯ ಮೈಗೆ ಮರೆತು ಹೋಗಲ್ಲ, ನನಗೆ ಅದೇ ಎಲ್ಲಕ್ಕಿಂತ ಮುಖ್ಯವಾಗಿತ್ತು. ಕಷ್ಟ ಅಂದರೆ ಬ್ಯಾಚ್ ಸಮಯಕ್ಕೆ ಹೋಗಬೇಕು, ಬೇಸಿಗೆ ರಜೆಯಲ್ಲಿ ಮಕ್ಕಳ ಮಧ್ಯೆ ಜಾಗವೇ ಸಿಗಲ್ಲ.

ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತೋದು ನಾನು ಅಂದುಕೊಂಡಿದ್ದಕ್ಕಿಂತ ಚೆನ್ನಾಗಿ ಒಗ್ಗಿತು. ಸುಮಾರು 1000 ಮೆಟ್ಟಿಲು, ನಂದಿ ದಾಟುವಷ್ಟರಲ್ಲಿ ಎದೆ ಹೊಡೆದುಕೊಳ್ಳುತ್ತದೆ, ಪಿರ್ರೆ ಸ್ನಾಯುಗಳಿಗೆ ಕೆಲಸ ಸಿಗುತ್ತದೆ, ಧಕ್ಕೆ ಕಡಿಮೆ. ಇಳಿಯುವುದೇ ಬೇಡ. ಒಂದೊಂದು ಮೆಟ್ಟಿಲಿಗೂ ಹಿಮ್ಮಡಿಯಿಂದ ಸೊಂಟಕ್ಕೆ ಏಟು. ಹತ್ತಿ, ಸಿಟಿ ಬಸ್ಸಲ್ಲಿ ವಾಪಸ್ ಬರುತ್ತಿದ್ದೆ, ಸೀಟು ಖಾಲಿ ಇದ್ದರೂ ಕಂಬಿ ಹಿಡಿದು ನಿಂತೇ. ಕೂತರೆ ಹತ್ತು ನಿಮಿಷಕ್ಕೆ ಪಾದ ಜೋಮು ಹಿಡಿಯುತ್ತಿತ್ತು.

ಯೋಗದ ವಿಷಯ ಸ್ವಲ್ಪ ಹುಷಾರು. ಮೈಸೂರಿನಿಂದ ಜಗತ್ತಿಗೆಲ್ಲ ಹೋದ ಅಷ್ಟಾಂಗ ಪದ್ಧತಿಯ ಮೊದಲ ಸರಣಿಯಲ್ಲಿ ಮುಂದೆ ಬಗ್ಗುವ ಆಸನಗಳೇ ಜಾಸ್ತಿ. ಡಿಸ್ಕ್ ಉಬ್ಬಿದವರಿಗೆ ನೋವು ಕೆರಳಿರುವಾಗ ಪಶ್ಚಿಮೋತ್ತಾನಾಸನ, ಪಾದಹಸ್ತಾಸನ ಎರಡೂ ಬೇಡ. ಭುಜಂಗಾಸನ ನನಗೆ ಔಷಧಿಯೇ ಆಯಿತು. ಬೋರಲು ಮಲಗಿ, ಮೊದಲು ಬರೀ ಮೊಣಕೈ ಮೇಲೆ, ಆಮೇಲೆ ಅಂಗೈ ಊರಿ ನಿಧಾನಕ್ಕೆ. ಕಾಲಿನ ನೋವು ಮೇಲೆ ಸರಿಯೋದು ಅಲ್ಲೇ ಗೊತ್ತಾಗುತ್ತಿತ್ತು.

ಇನ್ನು ಓಟ. ಹೌದು, ಓಡಿದೆ. ಆದರೆ ರಿಂಗ್ ರಸ್ತೆಯ ಡಾಂಬರಿನ ಮೇಲಲ್ಲ, ಕುಕ್ಕರಹಳ್ಳಿ ಕೆರೆ ಸುತ್ತಿನ ಮಣ್ಣಿನ ದಾರಿಯಲ್ಲಿ. ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ. ಹೆಜ್ಜೆ ಚಿಕ್ಕದು, ಬೇಗ ಬೇಗ, ಕಾಲು ಮೈಯ ಕೆಳಗೇ ಊರುವ ಹಾಗೆ. ಉದ್ದ ಹೆಜ್ಜೆ ಹಾಕಿ ಕಾಲನ್ನು ಮುಂದಕ್ಕೆ ಚಾಚಿದರೆ ನರ ಎಳೆದ ಹಾಗೆ ಆಗುತ್ತದೆ, ಧಕ್ಕೆಯೂ ಜಾಸ್ತಿ. ಆಶ್ಚರ್ಯ ಅಂದರೆ, ಹೀಗೆ ಓಡಿದ ಮಾರನೇ ಬೆಳಗ್ಗೆ ರೇಸ್ ಸೈಕಲ್ ತುಳಿದ ಮಾರನೇ ಬೆಳಗ್ಗೆಗಿಂತ ಚೆನ್ನಾಗಿರುತ್ತಿತ್ತು. ಅದಕ್ಕೇ ನನ್ನ ಪಟ್ಟಿಯಲ್ಲಿ ನೀರಿನ ಓಟ ಮೊದಲು, ಕೆರೆ ದಾರಿ ಎರಡನೇದು, ಮೆಟ್ಟಿಲು ಮೂರನೇದು, ಸೈಕಲ್ ಕೊನೆ. ನೋವು ಮಂಡಿಯ ಕೆಳಗೆ ಇಳಿದಿದ್ದ ದಿನ ಮಾತ್ರ ಓಟ ಇಲ್ಲ, ಬರೀ ನಡಿಗೆ.

ಈ ಪಟ್ಟಿ ಡಿಸ್ಕ್ ತೊಂದರೆ ಇರುವವರದ್ದು. ವಯಸ್ಸಾದವರಿಗೆ ಬೆನ್ನುಮೂಳೆಯ ನಾಳ ಕಿರಿದಾಗಿ ಕಾಲುನೋವು ಬಂದರೆ ಲೆಕ್ಕ ತಲೆಕೆಳಗು. ಅವರಿಗೆ ನಿಂತರೆ, ನಡೆದರೆ ನೋವು, ಮುಂದೆ ಬಗ್ಗಿದರೆ ಆರಾಮ. ಅವರಿಗೆ ಸೈಕಲ್ಲೇ ಮೊದಲು, ಭುಜಂಗಾಸನ ಬೇಡ. ಆದ್ದರಿಂದ ಯಾವ ಕಾರಣಕ್ಕೆ ನೋವು ಅಂತ ಮೊದಲು ತೋರಿಸಿಕೊಳ್ಳಿ. ಪಾದ ಎತ್ತೋಕೆ ಆಗದೆ ನೆಲಕ್ಕೆ ಎಳೆಯುತ್ತಿದ್ದರೆ, ತೊಡೆಸಂದಿಯ ಸುತ್ತ ಸ್ಪರ್ಶ ಗೊತ್ತಾಗದಿದ್ದರೆ, ಮೂತ್ರ ಕಟ್ಟಿದರೆ ಅಥವಾ ಹಿಡಿತ ತಪ್ಪಿದರೆ ಈಜುಕೊಳ, ಕೆರೆ ಎಲ್ಲ ಬಿಟ್ಟು ತಕ್ಷಣ ಆಸ್ಪತ್ರೆಗೆ ಹೋಗಿ, ಅದು ರಾತ್ರಿ ಆದರೂ ಸರಿ.